ಒಂದು ಅಗುಳಿನ ಲೆಕ್ಕ
(ಸಂಖ್ಯಾಶಾಸ್ತ್ರದ ಮೊದಲ ಪಾಠ)



ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಯಾರೂ ಪಾತ್ರೆಯನ್ನೆಲ್ಲ ಹಿಚುಕುವುದಿಲ್ಲ. ಒಂದೆರಡು ಅಗುಳು ಸಾಕು. ಹೀಗೆ ಕೆಲವನ್ನು ನೋಡಿ ಎಲ್ಲದರ ವಿಷಯ ತಿಳಿಯುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ 'ಅನುಮಾನ' ಎಂದು ಹೆಸರು. ಸಂಶಯವೆಂಬ ಅರ್ಥದಲ್ಲಲ್ಲ, ತರ್ಕದ ಅರ್ಥದಲ್ಲಿ.

ಮೊದಲು ಅಂಕಿಗಳ ಜಾತಿ ತಿಳಿಯಬೇಕು. ಹಾಜರಿ ಬಿಲ್ಲೆಯ ನಂಬರು ಬರಿಯ ಹೆಸರು. ಎರಡು ಬಿಲ್ಲೆಗಳನ್ನು ಕೂಡಿಸಿದರೆ ಅರ್ಥವಿಲ್ಲ. ಹತ್ತಿಯ ಮೇಲು, ನಡು, ಕೀಳು ದರ್ಜೆಗಳು ಕ್ರಮವನ್ನು ಹೇಳುತ್ತವೆ, ಎಷ್ಟು ಮೇಲೆಂದು ಹೇಳವು. ಪಾಳಿಯಲ್ಲಿ ಹರಿದ ಎಳೆಗಳದು ಎಣಿಕೆ. 7 ಅಥವಾ 8, ಏಳೂವರೆ ಇಲ್ಲ. ನೂಲಿನ ತೂಕ ಅಳತೆ. ಸರಾಸರಿ ಸಲ್ಲುವುದು ಎಣಿಕೆಗೆ ಮತ್ತು ಅಳತೆಗೆ ಮಾತ್ರ.

ಒಂದು ಪೌಂಡಿನಲ್ಲಿ 840 ಗಜದ ಲಡಿಗಳು 40 ಇದ್ದರೆ ಅದು 40 ನಂಬರಿನ ನೂಲು. ನಂಬರು ಏರಿದಷ್ಟೂ ನೂಲು ಸಣ್ಣ. ಗಿರಣಿಯಲ್ಲಿ ಕೆಲವು ಉಂಡೆಗಳಿಂದ 120 ಗಜದ ತುಂಡು ತೂಗಿ ನಂಬರು ಕಾಣುತ್ತಾರೆ. ಎರಡು ಯಂತ್ರಗಳ ತುಂಡುಗಳನ್ನು ನೋಡಿ:

ಮೊದಲನೆಯದು: 39, 40, 40, 40, 41
ಎರಡನೆಯದು: 35, 38, 40, 42, 45

ಎರಡರ ಸರಾಸರಿಯೂ 40. ಆದರೆ ಎರಡನೆಯದರ ಎಳೆ ಒಂದೆಡೆ ದಪ್ಪ, ಒಂದೆಡೆ ತೆಳು, ತೆಳುವಾದಲ್ಲಿ ಹರಿಯುತ್ತದೆ.

ಹಿಂದೊಮ್ಮೆ ನಾನಿದ್ದ ಖಾತೆಯಲ್ಲಿ ಹೀಗೇ ಎಳೆ ಹರಿದು, ಮಗ್ಗ ನಿಂತು, ನೇಕಾರರ ತುಂಡುಗೂಲಿ ಇಳಿಯಿತು. "ನೂಲಿನ ಸರಾಸರಿ ಸರಿಯಾಗಿದೆ, ತಪ್ಪು ನೇಕಾರರದೇ" ಎಂದರು ಮೇಲಿನವರು. ಹಾಗೆಂದು ರಿಜಿಸ್ಟರಿನಲ್ಲಿ ಬರೆದವನು ನಾನೇ. ಆಮೇಲೆ ಪರೀಕ್ಷೆಯ ಚೀಟಿಗಳನ್ನು ತೆಗೆದು ನೋಡಿದರೆ ನೂಲು ಎರಡನೆಯ ಬಗೆಯದು! ಸರಾಸರಿ ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ್ದೇ ಅರ್ಧ ಪ್ರಶ್ನೆ.

ಈ ಚೆದರಿಕೆಗೂ ಒಂದು ಅಳತೆಯುಂಟು; ಅದು ಮಾನಕ ವಿಚಲನೆ. ಅದು 2 ಇದ್ದು, 16 ತುಂಡು ತೂಗಿ ಸರಾಸರಿ 40 ಬಂದಿತೆನ್ನಿ. 16ರ ವರ್ಗಮೂಲ 4. ಎರಡನ್ನು ನಾಲ್ಕರಿಂದ ಭಾಗಿಸಿದರೆ ಅರೆ. ಅದರ ಇಮ್ಮಡಿ 1. ಆದ್ದರಿಂದ ನಿಜವಾದ ಸರಾಸರಿ 39ರಿಂದ 41ರೊಳಗಿದೆ ಎನ್ನಬಹುದು. ಹೀಗೆ ನೂರು ಸಲ ಹೇಳಿದರೆ ಸುಮಾರು 95 ಸಲ ಮಾತು ನಿಲ್ಲುತ್ತದೆ. ತಪ್ಪಿನ ಎಲ್ಲೆ ಅರ್ಧವಾಗಬೇಕಾದರೆ 64 ತುಂಡು ಬೇಕು. ಆದರೆ ಎಲ್ಲವನ್ನೂ ಒಂದೇ ಯಂತ್ರದಿಂದ ತೆಗೆದರೆ ಸಾವಿರ ತೂಗಿದರೂ ವ್ಯರ್ಥ. ಚೀಟಿ ಎತ್ತಿದಂತೆ, ಎಲ್ಲ ಕಡೆಯಿಂದಲೂ ಆರಿಸಬೇಕು.

ಇದೇ ತತ್ತ್ವದಿಂದ ಪಿ. ಸಿ. ಮಹಲನೋಬಿಸರು ಬಂಗಾಲದ ಸೆಣಬಿನ ಬೆಳೆಯನ್ನು ಅಂದಾಜು ಮಾಡಿದರು. 1931ರಲ್ಲಿ ಅವರು ಕಲ್ಕತ್ತೆಯಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿಯೇ ನಮ್ಮ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಜಗತ್ಪ್ರಸಿದ್ಧರಾದರು. ನಮ್ಮ ತುಟ್ಟಿಭತ್ಯೆಯೂ ಆಯ್ದ ಊರುಗಳ ಆಯ್ದ ಅಂಗಡಿಗಳಲ್ಲಿ ಕೇಳಿದ ಬೆಲೆಗಳನ್ನೇ ನಂಬಿದೆ. ಅಗುಳು ಹೇಗೆ ಆರಿಸಿದರೆಂಬುದು ನಮ್ಮ ಊಟದ ಪ್ರಶ್ನೆ.

ಅಭ್ಯಾಸ: ಐವರ ಪಗಾರ ಸಾವಿರಗಳಲ್ಲಿ 20, 20, 22, 23, 115. ಸರಾಸರಿ ಎಷ್ಟು? ಸಾಲಿನ ನಡುವಿನ ಅಂಕಿ ಯಾವುದು? "ಇಲ್ಲಿ ಸರಾಸರಿ ಪಗಾರ ಇಷ್ಟು" ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಮರುಪ್ರಶ್ನೆ ಯಾವುದು?