ಹಳೆ ಲೇತಿಗೆ ಹೊಸ ವೇಗ: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಹೊಸ ಲೇತ್ ಕೊಳ್ಳಲು ಸಾಲಕ್ಕೆ ಓಡಾಡುವ ಸಣ್ಣ ವರ್ಕ್‌ಶಾಪಿನವರಿಗೆ ನಾನು ಮೊದಲು ಕೇಳುವುದು ಇಷ್ಟೇ: ಈಗಿರುವ ಲೇತಿನ ಬೆಡ್ಡು, ಸ್ಪಿಂಡಲ್ಲು ಗಟ್ಟಿಯಾಗಿವೆಯೇ? ಗಟ್ಟಿಯಾಗಿದ್ದರೆ ಸಾಲ ಸ್ವಲ್ಪ ಕಾಯಲಿ. ನನ್ನ ಬೆಲ್ಟ್ ಲೇತಿನಿಂದ ಸಿಂಗಲ್ ಫೇಸ್‌ನ ಒಂದು ಎಚ್‌ಪಿ ಮೋಟಾರ್ ಇಳಿಸಿ, ಗುಂಡಿ ತಿರುಗಿಸಿದರೆ ವೇಗ ಬದಲಾಗುವ ಡಿ.ಸಿ. ಮೋಟಾರ್ ಕೂರಿಸಿದ್ದೇನೆ. ಡ್ರೈವ್, ಪುಲ್ಲಿ, ವೈರಿಂಗ್, ಕೂಲಿ ಎಲ್ಲ ಸೇರಿ ಖರ್ಚು ಸುಮಾರು 17,500 ರೂಪಾಯಿ.

ಮೈಲ್ಡ್ ಸ್ಟೀಲನ್ನು ಎಚ್‌ಎಸ್‌ಎಸ್ ಟೂಲಿನಿಂದ ಕಡಿಯಲು ನಿಮಿಷಕ್ಕೆ ಸುಮಾರು 30 ಮೀಟರ್ ವೇಗ ಹದವಾದದ್ದು. 100 ಮಿ.ಮೀ. ವ್ಯಾಸದ ಜಾಬಿಗೆ ಅದು 95 ಆರ್‌ಪಿಎಂ, 10 ಮಿ.ಮೀ. ಜಾಬಿಗೆ 955. ಮೆಟ್ಟಿಲು ಪುಲ್ಲಿಯಲ್ಲಿ ಸಿಗುವುದು ಮೂರ್ನಾಲ್ಕು ವೇಗಗಳಷ್ಟೇ. ಪ್ರತಿ ಸಲ ಬೆಲ್ಟ್ ಬದಲಿಸುವುದು ಬೇಡವೆಂದು ಟರ್ನರ್ ಇದ್ದ ವೇಗದಲ್ಲೇ ಕೆಲಸ ಮುಗಿಸುತ್ತಾನೆ. ಟೂಲ್ ಬೇಗ ಸವೆಯುತ್ತದೆ, ಫಿನಿಶ್ ಕೆಡುತ್ತದೆ. ಈಗ ಫೇಸಿಂಗ್‌ನಲ್ಲಿ ಟೂಲ್ ನಡುವಿಗೆ ಸರಿದಂತೆ ವೇಗ ಏರಿಸುತ್ತೇವೆ, ಪಾರ್ಟಿಂಗ್‌ನಲ್ಲಿ ಜಾಬ್ ನಡುಗಿದರೆ ಇಳಿಸುತ್ತೇವೆ. ಯಂತ್ರ ನಿಲ್ಲಿಸಬೇಕಿಲ್ಲ.

ಲೆಕ್ಕ ಹಾಕಿ ನೋಡೋಣ. ಲೇತಿನ ಗಂಟೆಯ ದರ 250 ರೂಪಾಯಿ, ದಿನಕ್ಕೆ ಉಳಿಯುವ ಸಮಯ 24 ನಿಮಿಷ ಎಂದಿಟ್ಟುಕೊಳ್ಳಿ. ದಿನಕ್ಕೆ 100 ರೂಪಾಯಿ, 25 ದಿನಕ್ಕೆ 2,500. ಹಾಕಿದ ದುಡ್ಡು ಏಳು ತಿಂಗಳಲ್ಲಿ ವಾಪಸ್. ಆದರೆ ಉಳಿದ ಸಮಯಕ್ಕೆ ಬೇರೆ ಜಾಬ್ ಕೈಯಲ್ಲಿದ್ದರೆ ಮಾತ್ರ ಈ ಲೆಕ್ಕ ನಿಜ. ಆರ್ಡರ್ ಇಲ್ಲದ ವರ್ಕ್‌ಶಾಪಿನಲ್ಲಿ ಉಳಿಸಿದ ನಿಮಿಷಕ್ಕೆ ಬೆಲೆಯಿಲ್ಲ.

ಉಳಿಸಬಹುದಾದದ್ದು ಮೋಟಾರಿನಲ್ಲಿ. ಕೆಟ್ಟ ಟ್ರೆಡ್‌ಮಿಲ್‌ಗಳ 180 ವೋಲ್ಟ್ ಡಿ.ಸಿ. ಮೋಟಾರ್ ಗುಜರಿಯಲ್ಲಿ ಸಿಗುತ್ತದೆ. ಲೇಬಲ್ಲಿನ ಎಚ್‌ಪಿ ನಂಬಬೇಡಿ, ಆಂಪಿಯರ್ ನೋಡಿ. 180 ವೋಲ್ಟ್, 6 ಆಂಪಿಯರ್ ಅಂದರೆ ಒಳಗೆ ಹೋಗುವುದೇ 1,080 ವಾಟ್, ಲೇಬಲ್ 2.5 ಎಚ್‌ಪಿ ಅಂದರೂ ಅದು ಒಂದೂವರೆ ಎಚ್‌ಪಿ ಮುಟ್ಟುವುದಿಲ್ಲ. ಕಾರ್ಬನ್ ಬ್ರಷ್ ಸವೆದಿದೆಯೇ ಪರೀಕ್ಷಿಸಿ. ಫ್ಲೈವೀಲ್ ಥ್ರೆಡ್‌ನಿಂದ ಬಿಗಿಯುವ ಬಗೆಯದಾಗಿದ್ದರೆ, ಉಲ್ಟಾ ಓಡಿಸಿದಾಗ ಅದು ಕಳಚಿಕೊಳ್ಳಬಹುದು. ಕಬ್ಬಿಣದ ಚೂರು ಒಳಗೆ ಹೋಗದಂತೆ ಮೋಟಾರಿಗೆ ಮರೆ ಕಟ್ಟಿ.

ಉಳಿಸಬಾರದ್ದು ಡ್ರೈವ್ ಮತ್ತು ಸುರಕ್ಷತೆಯಲ್ಲಿ. ಡ್ರೈವ್ ಹೊಸದೇ ಇರಲಿ, ಬಿಲ್ಲಿನೊಂದಿಗೇ ಬರಲಿ. ಅನೇಕ ಅಗ್ಗದ ಎಸ್‌ಸಿಆರ್ ಡ್ರೈವ್‌ಗಳಲ್ಲಿ ವೇಗದ ಗುಂಡಿಗೆ ಹೋಗುವ ತಂತಿಯಲ್ಲೂ ಮೇನ್ಸ್ ಕರೆಂಟ್ ಇರುತ್ತದೆ. ಮುಟ್ಟಿದರೆ ಜೀವಕ್ಕೇ ಅಪಾಯ. ಅರ್ತಿಂಗ್, ಫ್ಯೂಸ್, ಎಮರ್ಜೆನ್ಸಿ ಸ್ವಿಚ್ ಕಡ್ಡಾಯ. ಹೋದ ಕರೆಂಟ್ ಬಂದ ಕೂಡಲೇ ಚಕ್ ತಾನಾಗಿ ತಿರುಗದಂತೆ ನೋ-ವೋಲ್ಟ್ ಸ್ಟಾರ್ಟರ್ ಹಾಕಿಸಿ. ಈ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನಿಗೆ ಕೊಡುವ ಕೂಲಿಯಲ್ಲಿ ಚೌಕಾಸಿ ಬೇಡ.

ಹಳೆಯ ಬ್ಯಾಕ್ ಗೇರನ್ನಂತೂ ತೆಗೆಯಲೇಬೇಡಿ. ಗುಂಡಿಯಿಂದ ವೇಗ ಅರ್ಧಕ್ಕೆ ಇಳಿಸಿದರೆ ಮೋಟಾರಿನ ಶಕ್ತಿಯೂ ಅರ್ಧಕ್ಕೆ ಇಳಿಯುತ್ತದೆ, ಅದರದೇ ಫ್ಯಾನ್ ನಿಧಾನವಾಗಿ ಮೋಟಾರ್ ಕಾಯುತ್ತದೆ. ಗೇರಿನಿಂದ ಇಳಿಸಿದರೆ ತಿರುಗಿಸುವ ಬಲ ಹೆಚ್ಚುತ್ತದೆ. ದಪ್ಪ ಜಾಬಿಗೆ ಗೇರ್, ಹದ ಹಿಡಿಯಲು ಗುಂಡಿ.

ತೆರಿಗೆಯ ಕಡೆಯೂ ಗಮನವಿರಲಿ. ಬಿಲ್ಲಿಲ್ಲದ ಗುಜರಿ ಮಾಲಿಗೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಸಿಗದು. ಯಂತ್ರಕ್ಕಾಗಿ ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಮೊತ್ತ ಆದಾಯ ತೆರಿಗೆಯ ಸವಕಳಿ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕ್ ಮೂಲಕವೇ ಪಾವತಿಸಿ.

ಎಲ್ಲರಿಗೂ ಈ ದಾರಿ ಹೊಂದುವುದಿಲ್ಲ. ದಿನವಿಡೀ ಭಾರೀ ಕಟ್ ಹಾಕುವ ದೊಡ್ಡ ಲೇತಿಗೆ ತ್ರೀ ಫೇಸ್ ಮೋಟಾರ್ ಮತ್ತು ಅದರ ವೇಗ ಬದಲಿಸುವ ವಿಎಫ್‌ಡಿಯೇ ಸರಿ. ಅಲ್ಲಿ ಬ್ರಷ್ ಬದಲಿಸುವ ರಗಳೆಯಿಲ್ಲ. ಬಗೆಬಗೆಯ ಸಣ್ಣ ಜಾಬ್ ಮಾಡುವವರು ಮಾತ್ರ ಕಂತಿನ ಸಾಲಕ್ಕೆ ಸಹಿ ಹಾಕುವ ಮುನ್ನ ಒಂದು ವಾರ ಲೇತ್ ಪಕ್ಕ ನಿಂತು, ಬೆಲ್ಟ್ ಬದಲಿಸಲು ಹೋಗುವ ಸಮಯವನ್ನು ಬರೆದಿಟ್ಟುಕೊಳ್ಳಿ. ನಿರ್ಧಾರ ಆ ಲೆಕ್ಕದ ಮೇಲೆ ಆಗಲಿ.