ಅಮೆರಿಕದ ಅಂತರ್ಯುದ್ಧ: ಸೇನಾಪತಿಗಳ ಗ್ರಂಥಗಳು, ಸಿಪಾಯಿಗಳ ಗ್ರಂಥಗಳು

ಹೊರಗಿನ ಶತ್ರುವಿನೊಡನೆ ನಡೆದ ಯುದ್ಧ ಸಂಧಿಪತ್ರದೊಂದಿಗೆ ಮುಗಿಯುವುದುಂಟು. ಒಂದೇ ನಾಡಿನ ಜನ ತಮ್ಮತಮ್ಮೊಳಗೆ ಕಾದಾಡಿದ ಯುದ್ಧ ಹಾಗೆ ಮುಗಿಯುವುದಿಲ್ಲ. ಗೆದ್ದವರೂ ಸೋತವರೂ ಮತ್ತೆ ಅದೇ ನೆಲದಲ್ಲಿ ನೆರೆಹೊರೆಯವರಾಗಿ ಬಾಳಬೇಕಾಗುತ್ತದೆ. ಯುದ್ಧವೇಕೆ ನಡೆಯಿತು, ತಪ್ಪು ಯಾರದು, ಶೌರ್ಯ ಯಾರದು ಎಂಬ ವಾದ ರಣರಂಗದಿಂದ ಗ್ರಂಥಗಳಿಗೆ ಸಾಗುತ್ತದೆ. 1861ರಿಂದ 1865ರವರೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಅಂತರ್ಯುದ್ಧವೂ, ಅದನ್ನು ಕುರಿತು ಹುಟ್ಟಿದ ಅಪಾರ ಸಾಹಿತ್ಯವೂ ಇದಕ್ಕೆ ತಕ್ಕ ನಿದರ್ಶನಗಳಾಗಿವೆ.

ಯುದ್ಧದ ಹಿನ್ನೆಲೆ

1860ರ ಜನಗಣತಿಯ ವೇಳೆಗೆ ಆ ದೇಶದಲ್ಲಿ ಸುಮಾರು 40 ಲಕ್ಷ ಕಪ್ಪು ಜನರು ಗುಲಾಮರಾಗಿದ್ದರು. ದಕ್ಷಿಣದ ರಾಜ್ಯಗಳ ಹತ್ತಿಯ ಬೇಸಾಯ ನಿಂತದ್ದು ಅವರ ದುಡಿಮೆಯ ಮೇಲೆ. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದೆಂಬ ಪಕ್ಷದ ಅಬ್ರಹಾಂ ಲಿಂಕನ್ ಅಧ್ಯಕ್ಷನಾಗಿ ಆಯ್ಕೆಯಾದೊಡನೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಹೊರನಡೆದವು. ಕಡೆಗೆ 11 ರಾಜ್ಯಗಳು ಪ್ರತ್ಯೇಕ ಒಕ್ಕೂಟವನ್ನು ಕಟ್ಟಿಕೊಂಡವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ತೋಪು ಹಾರಿತು. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ರಾಬರ್ಟ್ ಲೀ, ಉತ್ತರದ ಸೇನಾಪತಿ ಯುಲಿಸಿಸ್ ಗ್ರ್ಯಾಂಟನಿಗೆ ಶರಣಾಗತನಾದನು. ಮಡಿದ ಯೋಧರ ಸಂಖ್ಯೆ 6,20,000 ಎಂದು ಬಹುಕಾಲ ನಂಬಲಾಗಿತ್ತು. ಜನಗಣತಿಯ ಅಂಕಿಗಳನ್ನಾಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಸುಮಾರು 7,50,000ಕ್ಕೆ ಏರಿಸಿತು. ಗುಂಡಿಗಿಂತ ರೋಗಕ್ಕೆ ತುತ್ತಾದವರೇ ಅವರಲ್ಲಿ ಹೆಚ್ಚು.

ಈ ಯುದ್ಧದ ಬಿಸಿ ಕನ್ನಡ ನಾಡಿನ ಹೊಲಗಳಿಗೂ ತಟ್ಟಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳು ಹತ್ತಿಗಾಗಿ ಭಾರತದತ್ತ ತಿರುಗಿದವು. 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯತೊಡಗಿದ್ದ ಧಾರವಾಡ ಸೀಮೆಯಲ್ಲಿ ಬೆಲೆ ಏರಿತು. ಯುದ್ಧ ಮುಗಿಯುತ್ತಲೇ ಇಳಿಯಿತು. ಅಲ್ಲಿನ ಗುಲಾಮನೂ ಇಲ್ಲಿನ ರೈತನೂ ಒಂದೇ ಬೆಳೆಯ ಮೂಲಕ ಅದೇ ಯುದ್ಧಕ್ಕೆ ಕಟ್ಟುಬಿದ್ದಿದ್ದರು. ಸೇನಾಪತಿಗಳ ಗ್ರಂಥಗಳಲ್ಲಿ ಮಾತ್ರ ಇಂಥವರ ಬಾಳು ಕಾಣಸಿಗುವುದು ವಿರಳ.

ಸೇನಾಪತಿಗಳ ಲೇಖನಿ

ಉತ್ತರದ ಸೇನಾನಿ ವಿಲಿಯಂ ಶರ್ಮನ್ ತನ್ನ ಆತ್ಮಕಥನವನ್ನು 1875ರಲ್ಲಿ ಪ್ರಕಟಿಸಿದನು. ಆದರೆ ಈ ವರ್ಗದ ಗ್ರಂಥಗಳಲ್ಲಿ ಅಗ್ರಸ್ಥಾನ ಗ್ರ್ಯಾಂಟನ ಕೃತಿಗೇ ಸಲ್ಲುತ್ತದೆ. ಎರಡು ಅವಧಿಗಳ ಕಾಲ ರಾಷ್ಟ್ರಾಧ್ಯಕ್ಷನಾಗಿದ್ದ ಆತ, 1884ರಲ್ಲಿ ತಾನು ಪಾಲುಗಾರನಾಗಿದ್ದ ವ್ಯಾಪಾರ ಸಂಸ್ಥೆ ಮುಳುಗಿದಾಗ ನಿರ್ಗತಿಕನಾದನು. ಅದೇ ವರ್ಷ ಗಂಟಲಿನ ಕ್ಯಾನ್ಸರ್ ಕಾಣಿಸಿಕೊಂಡಿತು. ಮಡದಿಮಕ್ಕಳಿಗೆ ಏನಾದರೂ ಉಳಿಸಿಹೋಗಬೇಕೆಂಬ ಹಂಬಲದಿಂದ ಆತ ನೋವನ್ನು ನುಂಗಿಕೊಂಡು ಬರೆದನು. ಬರವಣಿಗೆ ಮುಗಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು, ತೀರಿಕೊಂಡನು. ಸಾಹಿತಿ ಮಾರ್ಕ್ ಟ್ವೇನನ ಪ್ರಕಾಶನ ಸಂಸ್ಥೆ ಅದನ್ನು ಎರಡು ಸಂಪುಟಗಳಲ್ಲಿ ಹೊರತಂದಿತು. ಗ್ರ್ಯಾಂಟನ ಪತ್ನಿಗೆ ಅದರಿಂದ ನಾಲ್ಕು ಲಕ್ಷ ಡಾಲರುಗಳಿಗೂ ಮೀರಿದ ಗೌರವಧನ ದೊರೆಯಿತು.

ಈ ಗ್ರಂಥದ ಹಿರಿಮೆ ಅದರ ಸರಳತೆಯಲ್ಲಿದೆ. ಗ್ರ್ಯಾಂಟ್ ತನ್ನ ಕೃತಿಯನ್ನು ಉತ್ತರ, ದಕ್ಷಿಣ ಎಂದು ಬೇರ್ಪಡಿಸದೆ ಅಮೆರಿಕದ ಸೈನಿಕರಿಗೂ ನಾವಿಕರಿಗೂ ಅರ್ಪಿಸಿದನು. ಶತ್ರುವಿನ ಶೌರ್ಯವನ್ನು ಮನ್ನಿಸಿದನು. ಆದರೆ ಯುದ್ಧಕ್ಕೆ ಗುಲಾಮಗಿರಿಯೇ ಕಾರಣವೆಂಬುದನ್ನು ಮರೆಮಾಚಲಿಲ್ಲ. ತನ್ನ ತಪ್ಪನ್ನೂ ಒಪ್ಪಿಕೊಂಡನು. 1864ರ ಜೂನ್ 3ರಂದು ವರ್ಜೀನಿಯದ ಕೋಲ್ಡ್ ಹಾರ್ಬರಿನಲ್ಲಿ ಆತನ ಆಜ್ಞೆಯಂತೆ ನಡೆದ ಮುತ್ತಿಗೆಯಲ್ಲಿ ಸಾವಿರಾರು ಸೈನಿಕರು ಗಾಯಗೊಂಡರು, ಸತ್ತರು. ಫಲ ಮಾತ್ರ ಶೂನ್ಯ. ಆ ದಾಳಿಗಾಗಿ ತಾನು ಸದಾ ಪಶ್ಚಾತ್ತಾಪಪಟ್ಟುದಾಗಿ ಆತ ಬರೆದಿದ್ದಾನೆ.

ಅದೇ ಘಟನೆಯ ಇನ್ನೊಂದು ಮುಖ, ಗ್ರ್ಯಾಂಟನ ಅಂಗರಕ್ಷಕಾಧಿಕಾರಿಗಳಲ್ಲೊಬ್ಬನಾಗಿದ್ದ ಹೊರೇಸ್ ಪೋರ್ಟರ್ 1897ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿದೆ. ದಾಳಿಯ ಹಿಂದಿನ ಸಂಜೆ ಸಿಪಾಯಿಗಳು ಅಂಗಿ ಹೊಲಿದುಕೊಳ್ಳುತ್ತಿರುವಂತೆ ಆತನಿಗೆ ಕಂಡಿತು. ಹತ್ತಿರ ಹೋಗಿ ನೋಡಿದಾಗ, ಅವರು ತಮ್ಮ ಹೆಸರನ್ನೂ ಮನೆಯ ವಿಳಾಸವನ್ನೂ ಚೀಟಿಯಲ್ಲಿ ಬರೆದು ಅಂಗಿಯ ಬೆನ್ನಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಸತ್ತ ಮೇಲೆ ತಮ್ಮ ಗುರುತು ಹತ್ತಬೇಕು, ಮನೆಗೆ ಸುದ್ದಿ ಮುಟ್ಟಬೇಕು ಎಂಬುದೊಂದೇ ಅವರ ಆಸೆ. ಸೇನಾಪತಿಯ ಪಶ್ಚಾತ್ತಾಪ ಪ್ರಾಮಾಣಿಕವಾದದ್ದೇ. ಆದರೆ ಆ ಚೀಟಿಗಳ ಸಂಗತಿಯನ್ನು ಅರಿತ ಮೇಲೆಯೇ ಆ ಪಶ್ಚಾತ್ತಾಪದ ತೂಕ ಓದುಗನಿಗೆ ತಿಳಿಯುವುದು.

ಸೋತವರ ಸಮರ್ಥನೆ

ದಕ್ಷಿಣದವರ ಗ್ರಂಥಗಳು ಬೇರೊಂದು ಜಾಡು ಹಿಡಿದವು. ಯುದ್ಧ ಮುಗಿದ ಮರುವರ್ಷವೇ, 1866ರಲ್ಲಿ, ರಿಚ್ಮಂಡಿನ ಪತ್ರಕರ್ತ ಎಡ್ವರ್ಡ್ ಪೊಲಾರ್ಡ್ 'ದಿ ಲಾಸ್ಟ್ ಕಾಸ್' ಎಂಬ ಇತಿಹಾಸವನ್ನು ಬರೆದನು. ಆ ಹೆಸರೇ ಮುಂದೆ ಒಂದು ಪಂಥಕ್ಕೆ ಅಂಟಿಕೊಂಡಿತು. ದಕ್ಷಿಣ ಕಾದಾಡಿದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗಾಗಿ ಅಲ್ಲ. ಸೋತದ್ದು ಶತ್ರುವಿನ ಸಂಖ್ಯಾಬಲಕ್ಕೆ, ಶೌರ್ಯಕ್ಕಲ್ಲ ಎಂಬುದು ಆ ಪಂಥದ ವಾದ. 1861ರ ಜನವರಿಯಲ್ಲಿ ಹೊರನಡೆದ ಮಿಸಿಸಿಪಿ ರಾಜ್ಯ ತನ್ನ ಘೋಷಣೆಯಲ್ಲಿ ಗುಲಾಮಗಿರಿಯ ರಕ್ಷಣೆಯನ್ನೇ ಮುಖ್ಯ ಕಾರಣವಾಗಿ ಸಾರಿತ್ತೆಂಬುದನ್ನು ಈ ವಾದ ಮರೆಸಿತು.

ಲೀ ಆತ್ಮಕಥನ ಬರೆಯದೆ 1870ರಲ್ಲಿ ನಿಧನನಾದನು. ಆದರೂ ಆತನನ್ನು ಕುರಿತು ಹುಟ್ಟಿದಷ್ಟು ಗ್ರಂಥಗಳು ಹುಟ್ಟಿದ ಸೇನಾಪತಿಗಳು ವಿರಳ. ಗೆಟಿಸ್ಬರ್ಗಿನ ಸೋಲಿನ ಹೊಣೆಯನ್ನು ಆತನ ಅಭಿಮಾನಿಗಳು ಅಧೀನ ಸೇನಾನಿ ಜೇಮ್ಸ್ ಲಾಂಗ್‌ಸ್ಟ್ರೀಟನ ತಲೆಗೆ ಕಟ್ಟಿದರು. ಯುದ್ಧಾನಂತರ ಲಿಂಕನನ ಪಕ್ಷವನ್ನು ಸೇರಿದ್ದ ಲಾಂಗ್‌ಸ್ಟ್ರೀಟ್, ತನ್ನ ಸಮರ್ಥನೆಗಾಗಿ 1896ರಲ್ಲಿ ದೊಡ್ಡ ಗ್ರಂಥವನ್ನೇ ಬರೆಯಬೇಕಾಯಿತು. ಡಗ್ಲಸ್ ಸೌತಾಲ್ ಫ್ರೀಮನ್ 1934–35ರಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ ಲೀ ಚರಿತ್ರೆ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆಯಿತು. ಆಯಾ ಗಳಿಗೆಯಲ್ಲಿ ಲೀಗೆ ಎಷ್ಟು ತಿಳಿದಿತ್ತೋ ಅಷ್ಟನ್ನೇ ಓದುಗನಿಗೂ ತಿಳಿಸುವುದು ಫ್ರೀಮನ್ನನ ಕ್ರಮ. ಓದುಗ ಸೇನಾಪತಿಯ ಡೇರೆಯಲ್ಲೇ ಕುಳಿತಂತಾಗುತ್ತದೆ. ವಿಧಾನ ಮೆಚ್ಚತಕ್ಕದ್ದು, ಆದರೆ ಡೇರೆಯೊಳಗಿಂದ ಕಾಣುವ ಲೋಕದಲ್ಲಿ ಗುಲಾಮನ ಗುಡಿಸಲಿಗೆ ದೊರೆಯುವ ಸ್ಥಳ ಅತ್ಯಲ್ಪ.

ಸಿಪಾಯಿಗಳ ಲೇಖನಿ

ಉಭಯ ಪಕ್ಷಗಳ ಬಿಳಿಯ ಸೈನಿಕರಲ್ಲಿ ಬಹುಮಂದಿ ಅಕ್ಷರಸ್ಥರಾಗಿದ್ದುದರಿಂದ ಸಾಮಾನ್ಯ ಯೋಧರ ಬರಹಗಳೂ ವಿಪುಲವಾಗಿ ಉಳಿದುಬಂದಿವೆ. ಟೆನೆಸಿಯ ಸಿಪಾಯಿ ಸ್ಯಾಮ್ ವಾಟ್ಕಿನ್ಸ್ ತನ್ನ ಊರಿನ ಪತ್ರಿಕೆಗೆ ಬರೆದ ನೆನಪುಗಳು 1882ರಲ್ಲಿ ಪುಸ್ತಕವಾದವು. ಆತನ ತುಕಡಿಗೆ ಆರಂಭದಲ್ಲಿ ಸೇರಿದ 120 ಮಂದಿಯಲ್ಲಿ ಯುದ್ಧಾಂತ್ಯಕ್ಕೆ ಉಳಿದವರು 7 ಮಂದಿ. ಹಸಿವು, ಹೇನು, ಮಳೆ, ತಮಾಷೆ, ಪಕ್ಕದಲ್ಲಿ ನಡೆಯುತ್ತಿದ್ದ ಗೆಳೆಯನ ಸಾವು, ಇವೆಲ್ಲವೂ ಆ ಪುಸ್ತಕದಲ್ಲಿ ಒಂದೇ ಧ್ವನಿಯಲ್ಲಿ ಬರುತ್ತವೆ.

ವಿದ್ವಾಂಸರು ಈ ಬರಹಗಳತ್ತ ಗಮನ ಹರಿಸಿದ್ದು ತಡವಾಗಿ. ಬೆಲ್ ವೈಲಿ ಸಾವಿರಾರು ಪತ್ರಗಳನ್ನೂ ದಿನಚರಿಗಳನ್ನೂ ಓದಿ 1943ರಲ್ಲಿ ದಕ್ಷಿಣದ ಸಿಪಾಯಿಯನ್ನು ಕುರಿತು, 1952ರಲ್ಲಿ ಉತ್ತರದ ಸಿಪಾಯಿಯನ್ನು ಕುರಿತು ಗ್ರಂಥಗಳನ್ನು ರಚಿಸಿದನು. ಸಿಪಾಯಿಗಳು ಏಕೆ ಕಾದಾಡಿದರು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಜೇಮ್ಸ್ ಮೆಕ್‌ಫರ್ಸನ್ನನ 1997ರ ಗ್ರಂಥ 25,000ಕ್ಕೂ ಹೆಚ್ಚು ಪತ್ರಗಳನ್ನು ಆಧರಿಸಿದೆ. ಅವರು ಅಪ್ಪಣೆಗೆ ತಲೆಬಾಗಿದ ಬರಿಯ ಯಂತ್ರಗಳಲ್ಲ. ಕರ್ತವ್ಯ, ಮಾನ, ದೇಶ, ಸಂಗಾತಿಗಳ ಋಣ ಇವನ್ನೆಲ್ಲ ಕುರಿತು ಯೋಚಿಸಿದವರು ಎಂಬುದು ಅದರಿಂದ ತಿಳಿದುಬರುತ್ತದೆ.

ಒಂದು ದಳ, ಎರಡು ಪುಸ್ತಕಗಳು

ಉತ್ತರದ ಭೂಸೇನೆಯಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಸೇವೆ ಸಲ್ಲಿಸಿದರು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರಿಂದ 1862ರಲ್ಲಿ ರೂಪುಗೊಂಡ ಸೌತ್ ಕೆರೊಲೈನದ ದಳಕ್ಕೆ ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್ ಎಂಬ ಬಿಳಿಯ ಕರ್ನಲ್ ನಾಯಕನಾಗಿದ್ದನು. ಆತ ಆ ದಳದ ಕಥೆಯನ್ನು 1870ರಲ್ಲಿ ಆದರದಿಂದ ಬರೆದನು. ಅದೇ ದಳದಲ್ಲಿ ಬಟ್ಟೆ ಒಗೆಯುವವಳಾಗಿ, ದಾದಿಯಾಗಿ, ಶಿಕ್ಷಕಿಯಾಗಿ ದುಡಿದ ಸೂಸಿ ಕಿಂಗ್ ಟೇಲರ್ ತನ್ನ ನೆನಪುಗಳನ್ನು 1902ರಲ್ಲಿ ತಾನೇ ಪ್ರಕಟಿಸಿದಳು.

ಸೂಸಿ ಜಾರ್ಜಿಯ ರಾಜ್ಯದಲ್ಲಿ 1848ರಲ್ಲಿ ಗುಲಾಮಳಾಗಿ ಹುಟ್ಟಿದವಳು. ಗುಲಾಮರಿಗೆ ಅಕ್ಷರ ಕಲಿಸುವುದು ಅಲ್ಲಿ ಕಾನೂನಿಗೆ ವಿರುದ್ಧ. ಯಾರ ಕಣ್ಣಿಗೂ ಬೀಳದಂತೆ ಪುಸ್ತಕಗಳನ್ನು ಕಾಗದದಲ್ಲಿ ಸುತ್ತಿಕೊಂಡು ಆಕೆ ಗುಪ್ತಶಾಲೆಗೆ ಹೋಗುತ್ತಿದ್ದಳು. ಹಾಗೆ ಕದ್ದು ಕಲಿತ ಅಕ್ಷರವನ್ನೇ ಮುಂದೆ ಶಿಬಿರದ ಸಿಪಾಯಿಗಳಿಗೆ ಕಲಿಸಿದಳು. ಕಪ್ಪು ಸೈನಿಕರಿಗೆ ಬಿಳಿಯರ ಸಮಾನ ವೇತನ ದೊರೆಯದಿದ್ದ ಅನ್ಯಾಯವನ್ನು ಕರ್ನಲನೂ ಸೂಸಿಯೂ ಇಬ್ಬರೂ ದಾಖಲಿಸಿದ್ದಾರೆ. ನಾಲ್ಕು ವರ್ಷಗಳಿಗೂ ಮೀರಿದ ತನ್ನ ಸೇವೆಗೆ ಒಂದು ಡಾಲರೂ ದೊರೆಯಲಿಲ್ಲವೆಂಬುದನ್ನು ಮಾತ್ರ ಆಕೆಯೇ ಹೇಳಬೇಕಾಯಿತು.

ಓದುವ ಕ್ರಮ

ಇಂಥ ಗ್ರಂಥಗಳನ್ನು ಓದುವ ವಿದ್ಯಾರ್ಥಿ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು. ಬರೆದವನು ಯುದ್ಧವನ್ನು ಎಲ್ಲಿ ನಿಂತು ಕಂಡನು? ಬರೆದದ್ದು ಯಾವಾಗ, ಯಾವ ಉದ್ದೇಶದಿಂದ? ಆ ಪುಟಗಳಲ್ಲಿ ಯಾರ ಮಾತು ಕೇಳಿಸುತ್ತಿಲ್ಲ? ಮೊದಲೆರಡು ಪ್ರಶ್ನೆಗಳಿಗೆ ಗ್ರಂಥದಲ್ಲಿಯೇ ಉತ್ತರ ದೊರೆತೀತು. ಮೂರನೆಯದಕ್ಕೆ ಇನ್ನೊಂದು ಗ್ರಂಥವನ್ನು ತೆರೆಯಲೇಬೇಕು.

ಶೌರ್ಯ ಎರಡೂ ಪಕ್ಷಗಳಲ್ಲಿತ್ತು. ನ್ಯಾಯ ಎರಡೂ ಪಕ್ಷಗಳಲ್ಲಿರಲಿಲ್ಲ. ಶೌರ್ಯದ ವರ್ಣನೆಯಲ್ಲಿ ಮೈಮರೆತು ನ್ಯಾಯದ ಪ್ರಶ್ನೆಯನ್ನು ಬಿಟ್ಟುಕೊಡಬಾರದೆಂಬುದೇ ಈ ಸಾಹಿತ್ಯದ ಅಧ್ಯಯನದಿಂದ ದೊರೆಯುವ ಮುಖ್ಯ ಪಾಠ. ಕಾಗದದಲ್ಲಿ ಪುಸ್ತಕವನ್ನು ಬಚ್ಚಿಟ್ಟು ಓದಿದ ಬಾಲಕಿಯೊಬ್ಬಳು ಮುಂದೆ ತಾನೇ ಪುಸ್ತಕವನ್ನು ಬರೆಯದೆ ಹೋಗಿದ್ದರೆ, ಆ ದಳದ ಕಥೆ ಕರ್ನಲನ ಕಣ್ಣಿಗೆ ಕಂಡಷ್ಟಕ್ಕೇ ನಿಲ್ಲುತ್ತಿತ್ತು. ವಿದ್ಯೆ ಎಲ್ಲರಿಗೂ ಸಲ್ಲಬೇಕೆಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ.