ಸಮಿತಿಯ ಮುಂದೆ ಕೂರುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬಸ್ ಹತ್ತಿ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಪಿಎಚ್‌.ಡಿ. ಮಾಡಲು ಬರುವ ತಂಗಿಯರೇ, ಯುಜಿಸಿಯ 2022ರ ನಿಯಮದಂತೆ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಗೆ ಪ್ರಗತಿ ಒಪ್ಪಿಸಬೇಕು. ಕೋರ್ಸ್‌ವರ್ಕ್‌ನಲ್ಲಿ ಶೇ. 55 ದಾಟಿದ್ದರೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿ. ಮೊದಲ ವರ್ಷ ಸಮಿತಿ ನೋಡುವುದು ಬೇರೆ: ವಿಷಯ ಎಷ್ಟು ಕಿರಿದಾಯಿತು? ‘ಆಲಮಟ್ಟಿ ಮುಳುಗಡೆ ಸಂತ್ರಸ್ತರ ಬದುಕು’ ಅಂತ ನೋಂದಾಯಿಸಿದವರಿಗೆ ಯಾವ ಪುನರ್ವಸತಿ ಕೇಂದ್ರ, ಯಾವ ತಲೆಮಾರು, ಎಷ್ಟು ಮನೆ, ಅವೇ ಯಾಕೆ ಎಂದು ಹೇಳಲು ಬರಬೇಕು. ಓದಿದ ಪುಸ್ತಕಗಳ ಪಟ್ಟಿಗಿಂತ ನೀವೇ ಬರೆದ ಹತ್ತು ಪುಟ ಮೇಲು. (ಸ್ಲೈಡುಗಳ ಸಿಂಗಾರ ಯಾರೂ ನೋಡುವುದಿಲ್ಲ, ಬಿಡಿ.) ಕ್ಷೇತ್ರಕಾರ್ಯ ನಿಂತಿದ್ದರೆ ಮುಚ್ಚಿಡಬೇಡಿ, ಕಾರಣವನ್ನೂ ಮುಂದಿನ ಆರು ತಿಂಗಳ ಕೆಲಸವನ್ನೂ ಹೇಳಿ. ವರದಿಯನ್ನು ವಾರ ಮೊದಲೇ ಮಾರ್ಗದರ್ಶಕರಿಗೆ ತೋರಿಸಿ. ಸಮಿತಿಯವರ ಸಲಹೆ ಅಲ್ಲೇ ಬರೆದುಕೊಳ್ಳಿ, ಮುಂದಿನ ಸಲ ಮೊದಲು ಕೇಳುವುದು ಅದನ್ನೇ.